ಪೇಟ ತೊಟ್ಟವರ ಸಾಲು

ಹೇಳಿಬಿಟ್ಟರೆ ಏನಾದೀತು? ಏನೂ ಆಗಲಿಕ್ಕಿಲ್ಲ, ಇನ್ನೂರು ಜನ ಕೇಳಿಸಿಕೊಂಡು ಊಟಕ್ಕೆ ಏಳುತ್ತಾರೆ, ಅಷ್ಟೆ. ಹಾಗಾದರೆ ಹೇಳುವುದೇಕೆ? ಅಥವಾ ಎಲ್ಲವೂ ಆಗಿಬಿಡಬಹುದು. ನಾಳೆಯಿಂದ ಅಪ್ಪ ಈ ಊರಿನಲ್ಲಿ ಯಾವ ಕನ್ನಡದವರ ಮುಖವನ್ನೂ ನೋಡಲಾಗದಂತೆ ಆಗಬಹುದು. ಹಾಗಾದರೂ ಹೇಳುವುದೇಕೆ? ಅಷ್ಟಕ್ಕೂ ನೈರೋಬಿಯ ಇತಿಹಾಸವನ್ನು ನೈರೋಬಿಗೆ ಹೇಳಲು ತಾನು ಯಾರು? ಮೂರನೇ ಕ್ಲಾಸು ಮುಗಿಸಿ ಮೈಸೂರಿನಿಂದ ಬಂದು ಇಳಿದವನು, ಇವತ್ತಿಗೂ ಇಲ್ಲಿ ಓಟಿಲ್ಲದವನು. ಆದರೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಲು ಮಾತ್ರ ತಾನು ಯಾರು?

ನಂದನ್ ವೇದಿಕೆಯ ಹಿಂದಿನ ಕಿರುಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ನಿಂತಿದ್ದ. ಹೊರಗೆ ಸಭಾಂಗಣದ ಗೋಡೆಗೆ ಅಂಟಿಕೊಂಡಂತೆ ಒಂದು ತಗಡಿನ ಮಾಡು, ಅದರ ಮುಂದೆ ಕೆಂಪು ಮಣ್ಣಿನ ಒಂದು ತುಂಡು ಅಂಗಳ, ಅಂಗಳದ ಅಂಚಿಗೆ ನೀಲಿ ಹೂ ಉದುರಿಸುತ್ತಿದ್ದ ಒಂದು ಜಕರಾಂಡಾ ಮರ. ಅದು ನಗರಸಭೆಯ ನರ್ಸರಿ ಶಾಲೆ. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಒಂದು ಹಳೆಯ ಲಾರಿ ಟೈರನ್ನು ಅರ್ಧ ಹೂತು ಅವರಿಗೆ ಆಟಕ್ಕೆಂದು ಮಾಡಿದ್ದರು. ಇನ್ನು ಕೆಲವು ತಿಂಗಳಲ್ಲಿ ಆ ಟೈರಿನ ಜಾಗದಲ್ಲಿ ಕಾರಿನ ಟೈರುಗಳು ನಿಲ್ಲುತ್ತವೆ. ಕನ್ನಡ ಸಂಘಕ್ಕೆ ಪಾರ್ಕಿಂಗ್ ಬೇಕಾಗಿದೆ.

ನ್ಗಾರಾಕ್ಕೂ ಪಂಗಾನಿಗೂ ನಡುವೆ ಸಿಕ್ಕಿಕೊಂಡಿರುವ ಮ್ಟೋನಿ ಎಂಬ ಈ ವಾರ್ಡಿನ ಚರಿತ್ರೆಯನ್ನು ನಂದನ್ ಎಂ.ಎ.ಗೆ ಪ್ರಬಂಧವಾಗಿ ಬರೆದಿದ್ದ. ಸ್ವಾತಂತ್ರ್ಯ ಬಂದಾಗಿನಿಂದ ಈ ವಾರ್ಡನ್ನು ಯಾರು ಯಾರು ಪ್ರತಿನಿಧಿಸಿದರು, ಏನು ಮಾಡಿದರು, ಏನು ನುಂಗಿದರು ಎಂಬುದು ಅವನಿಗೆ ಬಾಯಿಪಾಠ. ಅದನ್ನು ತಿಳಿದೇ ಸಂಘದ ಅಧ್ಯಕ್ಷ ಗಂಗಾಧರ ತಿಂಗಳ ಹಿಂದೆ ಮನೆಗೆ ಬಂದು ಕಾಫಿ ಕುಡಿಯುತ್ತಾ ಹೇಳಿದ್ದರು: "ನೋಡಪ್ಪ, ಈ ಸಲ ರಾಜ್ಯೋತ್ಸವಕ್ಕೆ ವಾರ್ಡಿನ ಹಿಸ್ಟರಿ ಒಂದ್ ಸ್ವಲ್ಪ ಹೊತ್ತು ಹೇಳ್ಬಿಡು. ಎಂಸಿಎ ಬರ್ತಿದಾರೆ, ಅವರಿಗೂ ಖುಷಿಯಾಗತ್ತೆ. ಓದಿರೋ ಹುಡುಗ್ರು ನಮ್ಮಲ್ಲೂ ಇದಾರೆ ಅಂತ ಗೊತ್ತಾಗ್ಲಿ." ಎಂಸಿಎ ಎಂದರೆ ಕೌಂಟಿ ಅಸೆಂಬ್ಲಿಗೆ ವಾರ್ಡಿನಿಂದ ಗೆದ್ದು ಹೋದವನು. ಮೊದಲು ಕೌನ್ಸಿಲರ್ ಎನ್ನುತ್ತಿದ್ದರು. ಹೆಸರು ಬದಲಾಯಿತು, ಕುರ್ಚಿ ದೊಡ್ಡದಾಯಿತು.

ಸಂಘಕ್ಕೊಂದು ಪದ್ಧತಿಯಿತ್ತು. ಗೆದ್ದವರು ಯಾವ ಪಕ್ಷದವರಾಗಲಿ, ಯಾವ ಜನಾಂಗದವರಾಗಲಿ, ಗೆದ್ದ ಮೇಲೆ ಒಂದು ನವೆಂಬರಿನಲ್ಲಿ ಅವರನ್ನು ಕರೆಸಿ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗಿತ್ತು ಫೋಟೋ ಹಿಡಿಯುವುದು. ಆ ಫೋಟೋಗಳು ಸಭಾಂಗಣದ ಎಡಗೋಡೆಯ ಮೇಲೆ ಸಾಲಾಗಿ ನಿಂತಿದ್ದವು. ಸೈಕಲ್ಲಿನಲ್ಲಿ ಬಂದು ಅಂಗಡಿ ಅಂಗಡಿಯಲ್ಲೂ ಚಹಾ ಕುಡಿಯುತ್ತಿದ್ದ ಮೊದಲನೆಯವನು ಜರಿಪೇಟದಡಿ ನಾಚಿ ನಗುತ್ತಿದ್ದ. ಎರಡನೆಯವನು ಕಪ್ಪು ಕನ್ನಡಕ ತೆಗೆದಿರಲಿಲ್ಲ. ಆಮೇಲೆ ಎಂಬತ್ತರ ದಶಕದಲ್ಲಿ ಸರ್ಕಾರ ನಗರಸಭೆಯನ್ನೇ ವಿಸರ್ಜಿಸಿ ಕಮಿಷನ್ ಕೂರಿಸಿತ್ತು. ಆ ವರ್ಷಗಳಲ್ಲಿ ವಾರ್ಡಿಗೆ ಪ್ರತಿನಿಧಿಯೂ ಇರಲಿಲ್ಲ, ಗೋಡೆಗೆ ಫೋಟೋವೂ ಇರಲಿಲ್ಲ. ಅಲ್ಲಿಂದ ಸಾಲು ನೇರ ತೊಂಬತ್ತೇಳರಲ್ಲಿ ಗೆದ್ದ ಮುತಿಸೋಗೆ ಹಾರುತ್ತಿತ್ತು. ಮುತಿಸೋ ಪೇಟ ತೊಟ್ಟು ಮದುವೆಗಂಡಿನಂತೆ ಬೀಗುತ್ತಿದ್ದ. ಅವನ ನಂತರ ಗೆದ್ದವರೆಲ್ಲ ಅವನ ಆಚೆಗಿದ್ದರು. ತೊಂಬತ್ತೆರಡರಲ್ಲಿ ನಗರಸಭೆಗೆ ಮತ್ತೆ ಚುನಾವಣೆ ನಡೆದಿತ್ತಲ್ಲ, ಆಗ ಗೆದ್ದವರು ಯಾರು ಎಂದು ಗೋಡೆ ಹೇಳುತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ.

ಗೆದ್ದವರು ಎಸ್ತೇರ್ ನ್ಯಾಂಬುರಾ. ವಾರ್ಡಿನ ಏಕೈಕ ಮಹಿಳಾ ಕೌನ್ಸಿಲರ್. ಈಗ ಪಂಗಾನಿಯಲ್ಲಿ ಮಗಳ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಕೋಲಿಲ್ಲದೆ ನಡೆಯಲಾಗುವುದಿಲ್ಲ. ನಂದನ್ ಮೊದಲ ಸಲ ಹೋದಾಗ ಅವರು ನಕ್ಕು ಹೇಳಿದ್ದರು: "ನಿಮ್ಮವರು ನನಗೂ ಟೋಪಿ ಹಾಕಿದರು ಮಗನೇ. ದೊಡ್ಡದಾಗಿತ್ತು. ಜಾರಿ ಕಣ್ಣು ಮುಚ್ಚಿತು. ನಾನು ಎತ್ತಿಕೊಂಡು ನೋಡಿದೆ, ಅದೇ ಅವರಿಗೆ ಸಿಟ್ಟು ಬಂದದ್ದು."

ನೋಡಿದ್ದು ಏನನ್ನು? ನರ್ಸರಿ ಶಾಲೆಯ ಮೈದಾನವನ್ನು. ಆಗ ಅದು ನಿಜವಾಗಿ ಮೈದಾನವೇ ಆಗಿತ್ತು. ಸಂಘಕ್ಕೆ ಸ್ವಂತ ಕಟ್ಟಡ ಬೇಕಿತ್ತು. ಖಾಲಿ ಜಾಗ ಎಂದು ಅರ್ಜಿ ಹಾಕಿದರು. ಮಕ್ಕಳು ಆಡುವ ಜಾಗ ಖಾಲಿ ಹೇಗಾಗುತ್ತದೆ ಎಂದು ನ್ಯಾಂಬುರಾ ಕೇಳಿದರು. ಅಳತೆಯವರು ಬಂದ ದಿನ ಅವರು ತಾಯಂದಿರನ್ನು ಕರೆದುಕೊಂಡು ಮೈದಾನದ ನಡುವೆ ಕೂತರು. ಎಲ್ಲಿಂದಲೋ ದೊಣ್ಣೆ ಹಿಡಿದ ಹುಡುಗರು ಬಂದರು. ಯಾರು ಕಳಿಸಿದರೆಂದು ಯಾರೂ ತನಿಖೆ ಮಾಡಲಿಲ್ಲ. ನ್ಯಾಂಬುರಾರ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿದ್ದುಕೊಂಡೇ ಚುನಾವಣೆಗೆ ನಿಂತು ಸೋತರು. ಗೆದ್ದ ಮುತಿಸೋ ಮೈದಾನದ ಅರ್ಧವನ್ನು ಸಂಘಕ್ಕೆ ಬರೆದುಕೊಟ್ಟ. ಆಗ ಸಂಘದ ಕಾರ್ಯದರ್ಶಿ ಗಂಗಾಧರ, ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯಲ್ಲಿ ಹೊಸದಾಗಿ ಮ್ಯಾನೇಜರ್ ಆಗಿದ್ದವರು. ಮುತಿಸೋ ತಲೆಗೆ ಪೇಟ ಇಟ್ಟ ಕೈ ಅವರದೇ. ಫೋಟೋದಲ್ಲಿ ಉಂಗುರ ಕಾಣುತ್ತದೆ. ನ್ಯಾಂಬುರಾರ ಫೋಟೋ ಹೊಸ ಕಟ್ಟಡಕ್ಕೆ ಬರಲೇ ಇಲ್ಲ.

ಉಳಿದ ಅರ್ಧದ ಸರದಿ ಈಗ. "ಸಭೆಯಲ್ಲಿ, ಅವನು ಎದುರಿಗೆ ಕೂತಿರುವಾಗ ಹೇಳು," ಎಂದಿದ್ದರು ನ್ಯಾಂಬುರಾ. ಅವನು ಎಂದರೆ ಈಗಿನ ಎಂಸಿಎ ಡೆನಿಸ್ ಮಕೋಖಾ. "ಅವನ ಹುಡುಗರು ಎಲ್ಲಾ ಕಡೆ ಫೋನು ಹಿಡಿದು ಫೇಸ್‌ಬುಕ್ಕಿನಲ್ಲಿ ಲೈವ್ ಬಿಡುತ್ತಾರೆ. ವಾರ್ಡಿನ ತಾಯಂದಿರೆಲ್ಲ ನೋಡುತ್ತಾರೆ. ಎರಡು ಸಾವಿರದ ಇಪ್ಪತ್ತೇಳರ ಚುನಾವಣೆಯಲ್ಲಿ ಅವನಿಗೆ ಆ ಓಟು ಬೇಕು. ಅವರೆಲ್ಲ ಕೇಳಿಸಿಕೊಂಡರೆ ಅವನು ಆ ನೆಲ ಮುಟ್ಟುವುದಿಲ್ಲ. ನಾನು ಹೇಳಿದರೆ ಮುದುಕಿಯ ಹಳೆಯ ಜಗಳ. ನೀನು ಹೇಳಿದರೆ ಅವರ ಮನೆಯ ಹುಡುಗನೇ ಹೇಳಿದ ಹಾಗೆ."

ಅವರ ಮನೆಯ ಹುಡುಗ. ಹೌದು, ಅವರ ಮನೆಯ ಹುಡುಗನೇ. ಈ ಮೈದಾನದ ಮೇಲೆ ಎದ್ದ ಸಭಾಂಗಣದಲ್ಲೇ ಅವನು ಕೋಲಾಟ ಕಲಿತದ್ದು, ಬಿಸಿಬೇಳೆ ಬಾತು ತಿಂದದ್ದು, ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಪಡೆದದ್ದು.

ಬಾಗಿಲು ತೆರೆದು ಗಂಗಾಧರ ಬಂದರು. ರೇಷ್ಮೆ ಜುಬ್ಬ, ಕೊರಳಲ್ಲಿ ಹಳದಿ ಕೆಂಪು ಶಲ್ಯ. ಹಿಂದೆ ನಂದನನ ಅಪ್ಪ ವಾಮನ. ಸಂಘದ ಈಗಿನ ಕಾರ್ಯದರ್ಶಿ, ಗಂಗಾಧರರು ತಮ್ಮ ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ಕರೆಸಿಕೊಂಡಿದ್ದರಿಂದಲೇ ಈ ದೇಶಕ್ಕೆ ಬಂದವರು.

"ಏನಪ್ಪಾ ಸ್ಕಾಲರ್, ಪೇಪರ್ ಎಲ್ಲಿ?"

"ಪೇಪರ್ ಇಲ್ಲ ಅಂಕಲ್. ತಲೇಲಿದೆ."

"ತಲೇಲಿದ್ರೆ ಎಂಸಿಎಗೆ ಸ್ವಾಹಿಲಿಲಿ ಟ್ರಾನ್ಸ್‌ಲೇಟ್ ಮಾಡೋನು ನಾನು ಏನ್ ಮಾಡ್ಲಿ? ನಿನ್ನ ತಲೆ ಒಳಗೆ ಇಣುಕ್ಲಾ?"

"ನಾನೇ ಸ್ವಾಹಿಲಿಲೂ ಹೇಳ್ಬಿಡ್ತೀನಿ. ನಿಮಗ್ಯಾಕೆ ತೊಂದ್ರೆ."

"ಏಯ್! ಇವತ್ತು ಸ್ಟೇಜ್ ಮೇಲೆ ಕನ್ನಡ ಬಿಟ್ಟು ಬೇರೆ ಮಾತಾಡಿದ್ರೆ ಹಾಡು ಹೇಳ್ಬೇಕು, ಮರೆತ್ಯಾ? ನಿನ್ನ ಹಾಡು ಯಾರು ತಡ್ಕೋತಾರೋ! ಕಳೆದ ಸಲ ನಿನ್ನ ತಂಗಿ ಒಂದ್ ‘ಓಕೆ’ ಅಂದಿದ್ದಕ್ಕೆ ಹಾಡ್ಸಿದ್ವಿ. ಪ್ರೆಸಿಡೆಂಟ್‌ಗೆ ಮಾತ್ರ ಪರ್ಮಿಷನ್." ಅವರು ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ನಂತರ ಪರದೆಯ ಸಂದಿಯಿಂದ ಹೊರಗೆ ನೋಡಿ ನಗು ನಿಲ್ಲಿಸಿದರು. "ಮೊದಲನೇ ಸಾಲಲ್ಲಿ ಆ ಅಜ್ಜಿನ ಯಾರು ಕೂರಿಸಿದ್ದು?"

"ನಾನು ಕರ್ಕೊಂಡು ಬಂದೆ."

ಗಂಗಾಧರ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕೋಪಿಸಿಕೊಳ್ಳಲಿಲ್ಲ. ಅವರು ಕೋಪಿಸಿಕೊಂಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಒಳ್ಳೇದಾಯ್ತು ಬಿಡು. ಹೋಳಿಗೆ ಇದೆ, ಊಟ ಮಾಡ್ಕೊಂಡು ಹೋಗ್ಲಿ ಪಾಪ," ಎಂದು ಹೊರಟರು.

ವಾಮನ ಉಳಿದರು. ಮಗನ ಜುಬ್ಬದ ಕಾಲರು ಸರಿ ಮಾಡಿದರು. "ನಂದೂ, ಹಬ್ಬದ ದಿನ ಕಣೋ," ಎಂದರು. ಮುಂದೆ ಏನೋ ಇತ್ತು. ಅಪ್ಪನ ಎಲ್ಲ ಮಾತುಗಳಿಗೂ ಮುಂದೆ ಏನೋ ಇರುತ್ತಿತ್ತು. ಅದು ಎಂದೂ ಬಾಯಿಂದ ಬೀಳುತ್ತಿರಲಿಲ್ಲ.

ಆಗ ನಂದನನಿಗೆ ಒಂದು ಧೈರ್ಯ ಬಂತು. ಗಂಗಾಧರ ಭಾಷಾಂತರ ಮಾಡಲಿ, ಮಾಡಲಿ. ಎರಡು ಭಾಷೆಯೂ ಬಲ್ಲ ಇನ್ನೂರು ಜನರೆದುರು ಮನುಷ್ಯ ಎಷ್ಟು ತಾನೇ ತಿರುಚಿಯಾನು? ಒಬ್ಬರಾದರೂ ಏಳುತ್ತಾರೆ. ಒಬ್ಬರಾದರೂ, ‘ಅವನು ಹೇಳಿದ್ದು ಅದಲ್ಲ’ ಎನ್ನುತ್ತಾರೆ.

ಸಭೆ ಶುರುವಾಯಿತು. ಭುವನೇಶ್ವರಿಯ ಪಟಕ್ಕೆ ದೀಪ ಹಚ್ಚಿದರು. ಮಕೋಖಾನ ತಲೆಗೆ ಪೇಟ ಏರಿತು. ಅವನ ಹುಡುಗರು ಫೋನು ಎತ್ತಿ ಹಿಡಿದರು. ಮಕೋಖಾ ಎತ್ತರದ ಆಳು, ನಗುವುದರಲ್ಲಿ ನಿಸ್ಸೀಮ. ಬುಟ್ಟಿಯಿಂದ ಬಾಳೆಹಣ್ಣು ಕಿತ್ತು ಅಲ್ಲೇ ಸುಲಿದು ತಿಂದು ಜನರನ್ನು ನಗಿಸಿದ. "ಮ್ಹೆಶಿಮಿವಾ! ಮ್ಹೆಶಿಮಿವಾ!" ಎಂದು ಹುಡುಗರು ಕೂಗಿದರು. ಮಾನ್ಯರೇ ಎಂದು ಕೂಗುವುದಕ್ಕೆ ಅವರಿಗೆ ಕೂಲಿ.

ನಿರೂಪಣೆ ಮಾಡುತ್ತಿದ್ದ ಜಾಹ್ನವಿ ಅಣ್ಣನ ಹೆಸರು ಕರೆದಳು. ನಂದನ್ ಒಂದು ಮೈಕಿನ ಮುಂದೆ ನಿಂತ. ಗಂಗಾಧರ ಇನ್ನೊಂದರ ಮುಂದೆ.

ಮೊದಲಿನ ಇಬ್ಬರು ಕೌನ್ಸಿಲರುಗಳ ಕತೆ ಸುಸೂತ್ರವಾಗಿ ಸಾಗಿತು. ಸೈಕಲ್ಲಿನ ಮಾತಿಗೆ ಸಭೆ ನಕ್ಕಿತು, ಗಂಗಾಧರರ ಸ್ವಾಹಿಲಿಗೆ ಮಕೋಖಾ ನಕ್ಕ. ನಂದನ್ ನಿಂತು ಉಸಿರು ತೆಗೆದುಕೊಂಡ.

"ತೊಂಬತ್ತೆರಡರಲ್ಲಿ ಈ ವಾರ್ಡಿನಿಂದ ಗೆದ್ದವರು ಎಸ್ತೇರ್ ನ್ಯಾಂಬುರಾ. ಅವರ ಫೋಟೋ ಈ ಗೋಡೆಯ ಮೇಲಿಲ್ಲ. ಯಾಕೆಂದರೆ ಅವರು ನಮಗೆ ಈ ನೆಲ ಕೊಡಲು ಒಪ್ಪಲಿಲ್ಲ."

ಸಭೆಯಲ್ಲಿ ಸೀರೆಗಳ ಸದ್ದು ನಿಂತಿತು. ಹಿಂದಿನ ಸಾಲಿನ ಮಗುವೊಂದು ಬಲೂನು ಉಜ್ಜುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಗಂಗಾಧರ ಗಂಟಲು ಸರಿಮಾಡಿಕೊಂಡು ಸ್ವಾಹಿಲಿಯಲ್ಲಿ ಹೇಳಿದರು: ತೊಂಬತ್ತೆರಡರಲ್ಲಿ ನಮ್ಮ ಪ್ರೀತಿಯ ಮಾಮಾ ನ್ಯಾಂಬುರಾ ಗೆದ್ದರು, ಇವತ್ತು ಅವರು ನಮ್ಮ ನಡುವೆ ಇದ್ದಾರೆ, ಚಪ್ಪಾಳೆ! ಸ್ವಾಹಿಲಿಯಲ್ಲಿ ಮಾಮಾ ಎಂದರೆ ತಾಯಿ. ಮಕೋಖಾನ ಹುಡುಗರು ತಟ್ಟಿದರು. ಕ್ಷಣ ತಡೆದು ಸಭೆಯೂ ತಟ್ಟಿತು. ಕೋಲಿಗೆ ಗಲ್ಲ ಊರಿ ಕೂತಿದ್ದ ನ್ಯಾಂಬುರಾ ತಲೆ ಎತ್ತಿ ನಂದನನನ್ನು ನೋಡಿದರು.

ಅವನು ಮೈಕಿಗೆ ಇನ್ನೂ ಹತ್ತಿರ ಸರಿದ. "ಇದು ನರ್ಸರಿ ಮಕ್ಕಳ ಮೈದಾನ," ಎಂದ. ದನಿ ಏರಿತು. "ಅಳತೆಗೆ ಬಂದ ದಿನ ಅವರು ಇಲ್ಲಿ, ಈ ವೇದಿಕೆ ಇರುವಲ್ಲೇ, ಮಣ್ಣಿನ ಮೇಲೆ ಕೂತಿದ್ದರು. ಅವರ ಸೊಂಟ ಮುರಿದರು. ಆಮೇಲೆ ಮುತಿಸೋ ನಮಗೆ ಅರ್ಧ ಮೈದಾನ ಕೊಟ್ಟ. ನಾವು ಅವನಿಗೆ ಪೇಟ ತೊಡಿಸಿದೆವು. ಈಗ ಉಳಿದ ಅರ್ಧ ಕೇಳಲು ಇವರಿಗೆ ತೊಡಿಸುತ್ತಿದ್ದೇವೆ."

ಗಂಗಾಧರ ಅವನ ಕಡೆ ನೋಡಲೂ ಇಲ್ಲ. ಮಾಮಾ ನ್ಯಾಂಬುರಾ ಮಕ್ಕಳನ್ನು ಬಹಳ ಪ್ರೀತಿಸಿದರು ಎಂದರು. ಈ ಶಾಲೆಗಾಗಿ ತುಂಬಾ ಕಷ್ಟಪಟ್ಟರು, ಆರೋಗ್ಯವನ್ನೂ ಲೆಕ್ಕಿಸಲಿಲ್ಲ. ಅವರ ನಂತರ ಬಂದ ಮುತಿಸೋರವರ ಕೃಪೆಯಿಂದ ನಮಗೆ ಈ ಕಟ್ಟಡ ಆಯಿತು. ಈಗ ಮ್ಹೆಶಿಮಿವಾ ಮಕೋಖಾ ಅದೇ ದಾರಿಯಲ್ಲಿ ನಡೆಯುತ್ತಿದ್ದಾರೆ. ಗಂಗಾಧರರ ಸ್ವಾಹಿಲಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಸಾವಿರ ಜನರನ್ನು ನಡೆಸಿದ ನಾಲಗೆ.

ನಂದನ್ ಸಭೆಯನ್ನು ನೋಡಿದ. ಡಾಕ್ಟರು, ಎಂಜಿನಿಯರು, ಅಕೌಂಟೆಂಟು, ಶಾಲೆಯ ಟೀಚರು. ಬೆಳಿಗ್ಗೆ ಎದ್ದು ಮನೆಗೆಲಸದವಳೊಂದಿಗೆ, ಡ್ರೈವರಿನೊಂದಿಗೆ, ತರಕಾರಿಯವನೊಂದಿಗೆ ಸ್ವಾಹಿಲಿಯಲ್ಲಿ ಚೌಕಾಶಿ ಮಾಡುವವರು. ಪ್ರತಿಯೊಬ್ಬರಿಗೂ ಎರಡೂ ಅರ್ಥವಾಗಿತ್ತು. ಒಂದು ಕಿವಿಗೆ ನಿಜ ಬಿದ್ದಿತ್ತು, ಇನ್ನೊಂದು ಕಿವಿಗೆ ಸುಳ್ಳು ಬಿದ್ದಿತ್ತು. ಎರಡರ ನಡುವೆ ಅವರು ಆರಾಮವಾಗಿ ಕೂತಿದ್ದರು. ಕೆಲವರು ತಮ್ಮ ಫೋನು ನೋಡಿದರು. ಡಾಕ್ಟರು ಕನ್ನಡಕ ಒರೆಸಿಕೊಂಡರು. ಒಬ್ಬ ಮಹಿಳೆ ಪಕ್ಕದವಳ ಕಿವಿಯಲ್ಲಿ, "ಹುಡುಗನ ಕನ್ನಡ ಎಷ್ಟು ಚೆನ್ನಾಗಿದೆ ನೋಡು," ಎಂದದ್ದು ಮೈಕಿನವರೆಗೂ ಕೇಳಿಸಿತು. ಯಾರೂ ಏಳಲಿಲ್ಲ. ಒಬ್ಬರೂ ಏಳಲಿಲ್ಲ. ಅವನ ಸಿಟ್ಟು ಅಲ್ಲಿಯವರೆಗೆ ಗಂಗಾಧರರ ಮೇಲಿತ್ತು. ಈಗ ಅದು ಕುರ್ಚಿಯಿಂದ ಕುರ್ಚಿಗೆ ಹರಿಯಿತು. ಮೂರನೆಯ ಸಾಲಿನಲ್ಲಿ ಕೂತು ತನ್ನ ಉಗುರು ನೋಡಿಕೊಳ್ಳುತ್ತಿದ್ದ ಅಪ್ಪನ ಬಳಿ ಬಂದು ಅಲ್ಲೇ ನಿಂತಿತು.

ಗಂಗಾಧರ ಹೊಂಚಿ ಕಾಯುತ್ತಿದ್ದವರಂತೆ, "ನಮಸ್ಕಾರ, ಬಹಳ ಚೆನ್ನಾಗಿ ಮಾತಾಡಿದ್ರು ನಮ್ಮ ನಂದನ್," ಎಂದು ಅವನ ಹೆಗಲಿಗೆ ಕೈ ಹಾಕಿದರು. ಆ ಕೈಯಲ್ಲಿ ಅದೇ ಉಂಗುರ. ಚಪ್ಪಾಳೆ ಜೋರಾಗಿಯೇ ಬಂತು.

ಆಮೇಲೆ ಮಕೋಖಾ ಎದ್ದ. ಭಾರತೀಯರು ಈ ವಾರ್ಡಿಗೆ ಬೆಳಕು ತಂದವರು ಎಂದ. ಮಾಮಾ ನ್ಯಾಂಬುರಾ ತನಗೂ ತಾಯಿಯಿದ್ದಂತೆ ಎಂದ; ಕೆಳಗಿಳಿದು ಹೋಗಿ ಅವರ ಕೈ ಹಿಡಿದು ಫೋನುಗಳ ಕಡೆ ತಿರುಗಿ ನಿಂತ. ಅವರ ಕೈಯನ್ನು ಬಿಡದೆಯೇ ಹೇಳಿದ: "ಮಾಮಾ ಕಂಡ ಕನಸು ಬೆಳೆಯಬೇಕು. ಇಲ್ಲಿಗೆ ಬರುವವರಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ಗೊತ್ತು. ಪಕ್ಕದ ಖಾಲಿ ಜಾಗದ ವಿಷಯ ನಾನು ನೋಡಿಕೊಳ್ಳುತ್ತೇನೆ. ಮಕ್ಕಳಿಗೆ ಬೇರೆ ಕಡೆ ಇದಕ್ಕಿಂತ ಒಳ್ಳೆಯ ಶಾಲೆ ಕಟ್ಟಿಸುತ್ತೇನೆ. ಇದು ನನ್ನ ಮಾತು." ಈ ಸಲ ಚಪ್ಪಾಳೆಗೆ ಯಾರೂ ತಡೆಯಲಿಲ್ಲ. ಕೆಲವರು ಎದ್ದು ನಿಂತು ತಟ್ಟಿದರು. ಏಳುವುದು ಅವರಿಗೆ ಬರುತ್ತಿತ್ತು.

ನಂದನ್ ವೇದಿಕೆಯ ಮೆಟ್ಟಿಲಿಳಿದು ನ್ಯಾಂಬುರಾರ ಬಳಿ ಹೋಗಿ ಮಂಡಿಯೂರಿ ಕೂತ. ಹತ್ತಿರದಿಂದ ನೋಡಿದರೆ ಅವರ ಕಣ್ಣುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಅವರು ಸ್ವಾಹಿಲಿಯಲ್ಲಿ ಮೆಲ್ಲನೆ ಕೇಳಿದರು.

"ನೆಲದ ವಿಷಯ ಹೇಳಿದೆಯಾ?"

"ಹೇಳಿದೆ ಮಾಮಾ."

"ನಿನ್ನ ಭಾಷೆಯಲ್ಲಿ?"

"ಹೌದು."

"ಎಲ್ಲಾ? ನನ್ನ ಸೊಂಟದ್ದೂ?"

"ಎಲ್ಲಾ."

ಅವರು ಕುರ್ಚಿಯಲ್ಲೇ ನಿಧಾನವಾಗಿ ತಿರುಗಿ ಸಾಲುಗಳನ್ನು ನೋಡಿದರು. ಕಣ್ಣಿಗೆ ಕಣ್ಣು ಸಿಕ್ಕಿದವರು ಕೈಮುಗಿದರು, ಮುಗುಳ್ನಕ್ಕರು. ಹಿರಿಯರಿಗೆ ಮರ್ಯಾದೆ ಕೊಡುವುದರಲ್ಲಿ ಈ ಜನ ಎಂದೂ ಹಿಂದೆ ಬಿದ್ದವರಲ್ಲ. ನ್ಯಾಂಬುರಾ ಮತ್ತೆ ಅವನ ಕಡೆ ತಿರುಗಿದರು.

"ಹಾಗಾದರೆ ಇವರಿಗೆಲ್ಲ ಗೊತ್ತು."

"ಗೊತ್ತು."

"ಫೋನಿನಲ್ಲಿ ನೋಡುತ್ತಿರುವ ಆ ತಾಯಂದಿರಿಗೆ?"

ಅವನು ಫೋನು ಹಿಡಿದ ಹುಡುಗರ ಕಡೆ ತಿರುಗಿ ನೋಡಿದ. ಅವರು ಅವನ ಕೆನ್ನೆ ಮುಟ್ಟಲಿಲ್ಲ, ಬೈಯಲೂ ಇಲ್ಲ. ಕೋಲನ್ನು ಮಾತ್ರ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು, ಏಳಲು ತಯಾರಾಗುವವರ ಹಾಗೆ.

ನಂದನ್ ದಡದಡನೆ ವೇದಿಕೆ ಹತ್ತಿದ. ಜಾಹ್ನವಿಯ ಕೈಯಿಂದ ಮೈಕು ಕಿತ್ತುಕೊಂಡ. ಅವಳು ಬೆಚ್ಚಿ, "ಅಣ್ಣಾ, ವಾಟ್ ಆರ್ ಯು ಡೂಯಿಂಗ್?" ಎಂದದ್ದು ಮೈಕಿನಲ್ಲಿ ಬಂದು, ಸಭೆ ಹೋ ಎಂದು ನಕ್ಕು "ಹಾಡು! ಹಾಡು!" ಎಂದು ಕೂಗಿತು. ಮಕೋಖಾ ಪೇಟ ಸರಿಮಾಡಿಕೊಂಡು ಕುತೂಹಲದಿಂದ ನೋಡಿದ. ಫೋನುಗಳು ಇನ್ನೂ ಮೇಲಿದ್ದವು. ಅವುಗಳ ಆಚೆ ವಾರ್ಡು ಇತ್ತು. ಸ್ವಾಹಿಲಿ ಅವನಿಗೆ ಹುಡುಕಬೇಕಾದ ಭಾಷೆಯಲ್ಲ. ಪಂಗಾನಿಯ ಬೀದಿಯಲ್ಲಿ ಚೆಂಡಾಡುತ್ತಾ, ಮಟಾಟು ಎಂಬ ಮಿನಿಬಸ್ಸುಗಳ ಬಾಗಿಲಿಗೆ ಜೋತುಬಿದ್ದು ಜಗಳವಾಡುತ್ತಾ ಕಲಿತ ಭಾಷೆ. ಸಿಟ್ಟು ಬಂದರೆ ಅವನ ಬಾಯಿಗೆ ಮೊದಲು ಬರುತ್ತಿದ್ದದ್ದೇ ಅದು. ಹೇಳಬೇಕಾದ್ದು ಎರಡೇ ವಾಕ್ಯ. ಅವು ನಾಲಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿದ್ದವು.

ಮೂರನೆಯ ಸಾಲಿನಲ್ಲಿ ವಾಮನ ಎದ್ದು ನಿಂತಿದ್ದರು. ಕೈ ಎತ್ತಿರಲಿಲ್ಲ, ತಲೆ ಆಡಿಸಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ವರ್ಷ ಬೀಳದೆ ಉಳಿದ ಮಾತುಗಳೆಲ್ಲ ಈಗ ಬಿದ್ದುಬಿಡುತ್ತವೆ ಎನ್ನುವಂತಿತ್ತು ಅವರ ಮುಖ. ಆ ಮುಖವನ್ನು ನೋಡಬಾರದಾಗಿತ್ತು. ನಂದನ್ ನೋಡಿದ. ಆ ಎರಡು ವಾಕ್ಯ ಹೇಳಿದರೆ ನಾಳೆಯಿಂದ ಈ ಮುಖ ಯಾರ ಮುಂದೆ ನಿಂತೀತು? ಅಪ್ಪನ ಮೇಲೆ, ಗಂಗಾಧರರ ಮೇಲೆ, ನಗುತ್ತಿದ್ದ ಆ ಇನ್ನೂರು ಬಾಯಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬಾಯಿಯ ಮೇಲೆ ಅವನಿಗೆ ಹೇಸಿಗೆಯಾಗುವಷ್ಟು ಸಿಟ್ಟು ಬಂತು.

"ಊಟ ಸಿದ್ಧವಾಗಿದೆ," ಎಂದ ಅವನು ಮೈಕಿನಲ್ಲಿ, ಅಚ್ಚಗನ್ನಡದಲ್ಲಿ. "ಎಲ್ಲರೂ ದಯಮಾಡಿಸಿ."

ಕುರ್ಚಿಗಳು ಸರಿದವು. ಮಕೋಖಾನ ಹುಡುಗರು ಫೋನು ಜೇಬಿಗಿಟ್ಟು ಹೋಳಿಗೆಯ ಕಡೆ ನಡೆದರು. ನ್ಯಾಂಬುರಾ ಊಟಕ್ಕೆ ನಿಲ್ಲಲಿಲ್ಲ. ಹಿಂದಿನ ಬಾಗಿಲಿನಿಂದ, ನರ್ಸರಿಯ ಅಂಗಳದ ಮೂಲಕ, ಮರದ ಕೆಳಗೆ ಬಿದ್ದ ಹೂಗಳ ಮೇಲೆ ಕೋಲೂರಿಕೊಂಡು ಹೋದರು. ನಂದನ್ ಅವರನ್ನು ಕಳಿಸಿಕೊಡಲು ಓಡಿಹೋಗಲಿಲ್ಲ. ಮುಂದಿನ ತಿಂಗಳು ಅಂಗಳಕ್ಕೆ ಜಲ್ಲಿ ಬಂದು ಬಿತ್ತು. ಜನವರಿಯಲ್ಲಿ ಅಲ್ಲಿ ಕಾರುಗಳು ನಿಂತವು. ಅಷ್ಟರಲ್ಲಿ ಮಕೋಖಾನ ಫೋಟೋ ಗೋಡೆಯ ಮೇಲಿನ ಸಾಲಿಗೆ ಸೇರಿತ್ತು.

ಆ ನೆಲ ಮಕ್ಕಳದು, ಗಂಗಾಧರ ಹೇಳಿದ್ದು ಸುಳ್ಳು ಎಂದು ನಂದನ್ ಸ್ವಾಹಿಲಿಯಲ್ಲಿ ಎಂದೂ ಹೇಳಲಿಲ್ಲ.